ಸುರಂಗದ ಬಾಯಿ

ನಮ್ಮ ಕಡೆ ನೀರನ್ನು ಬಾವಿಯಿಂದ ಸೇದುವುದು ಮಾತ್ರ ಅಲ್ಲ, ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಹೊಕ್ಕು ತರುವುದೂ ಉಂಟು. ಬಂಟ್ವಾಳ ತಾಲೂಕಿನ ಅಡ್ಯನಡ್ಕ, ಮಾಣಿಲ, ಗಡಿಯಾಚೆ ಕಾಸರಗೋಡಿನ ಬಾಯಾರು, ಈ ಮುರಕಲ್ಲಿನ ಸೀಮೆಯಲ್ಲಿ ಎಷ್ಟೋ ಅಡಕೆ ತೋಟಗಳ ನೆತ್ತಿಯ ಮೇಲೆ ಒಂದು ಕತ್ತಲ ಬಾಯಿ ಕಾಣುತ್ತದೆ. ಹೊರಗಿನಿಂದ ಬಂದವರು ಗುಹೆ ಅಂದುಕೊಳ್ಳುತ್ತಾರೆ. ನಾವು ಸುರಂಗ ಅನ್ನುತ್ತೇವೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಎತ್ತರ, ಎರಡು ಭುಜ ಉಜ್ಜುವಷ್ಟು ಅಗಲ. ಕೆಲವು ಹತ್ತಿಪ್ಪತ್ತು ಅಡಿಗೆ ಮುಗಿಯುತ್ತವೆ, ಕೆಲವು ನೂರಾರು ಅಡಿ ಒಳಗೆ ಹೋಗುತ್ತವೆ. ಗೋಡೆಯಿಂದ, ಮೇಲಿನಿಂದ ಜಿನುಗಿದ ನೀರು ನೆಲದ ಇಳಿಜಾರಿನಲ್ಲಿ ತಾನಾಗಿ ಹೊರಗೆ ಹರಿದು ಬರುತ್ತದೆ. ಕರೆಂಟು ಬೇಡ, ಪಂಪು ಬೇಡ, ಹಗ್ಗ ರಾಟೆ ಬೇಡ.

ಬೇಕಾದದ್ದು ಒಳಗೆ ಹೋಗಿ ಅಗೆಯುವ ಮೈ.

ಆ ಮೈ ಯಾರದು ಅಂತ ಯಾರೂ ಕೇಳುವುದಿಲ್ಲ. ಈಗ ಸುರಂಗ ನೋಡಲಿಕ್ಕೆ ಜನ ಬರುತ್ತಾರೆ, ಫೋಟೋ ಹೊಡೆಯುತ್ತಾರೆ, ಪಾರಂಪರಿಕ ಜಲಜ್ಞಾನ ಅಂತ ಹೊಗಳುತ್ತಾರೆ. ಹೊಗಳಲಿ. ಎಲ್ಲ ಸುರಂಗಗಳನ್ನೂ ನಮ್ಮವರೇ ಕೊರೆದರು ಅಂತ ನಾವು ಹೇಳುವುದಿಲ್ಲ. ಆದರೆ ನಮ್ಮ ಅಜ್ಜಂದಿರು ಮೂಲದಾಳುಗಳಾಗಿದ್ದವರು. ಧಣಿಗಳ ತೋಟಕ್ಕೆ ಅವರು ಕೊರೆದ ಸುರಂಗಗಳನ್ನು ನಾವು ಬೆರಳು ಮಾಡಿ ತೋರಿಸಬಲ್ಲೆವು. ಕೊರೆದವನಿಗೆ ಕೂಲಿ ಸಿಕ್ಕಿತು. ನೀರು ಮಾತ್ರ ಸುರಂಗದ ಬಾಯಿ ಯಾರ ಜಾಗದಲ್ಲಿ ತೆರೆಯಿತೋ ಅವರದಾಯಿತು. ಗುಡ್ಡೆಯ ಒಳಗೆ ಅಜ್ಜನ ಕೈ ಎಷ್ಟು ದೂರ ಹೋದರೂ ನೀರು ಬಂದು ಸೇರಿದ್ದು ಧಣಿಯ ಕೆರೆಗೆ.

ಗೆಳೆಯರೇ, ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆದರೂ ಮಾರ್ಚ್ ಬಂತೆಂದರೆ ನಮ್ಮ ಕಾಲನಿಯ ಹೆಂಗಸರು ಕೊಡಪಾನ ಹೊತ್ತು ಗುಡ್ಡೆ ಇಳಿಯಬೇಕು, ಹತ್ತಬೇಕು. ಕಾರಣ ಮಳೆಯದಲ್ಲ, ಜಾಗದ್ದು. ತಗ್ಗಿನ ತಂಪು ಜಾಗವೆಲ್ಲ ತೋಟ, ಮೇಲಿನ ಬೋಳು ಜಾಗ ಕಾಲನಿ. 1974ರಲ್ಲಿ ಭೂಸುಧಾರಣೆ ಬಂದಾಗ ಗೇಣಿದಾರರು ಅರ್ಜಿ ಹಾಕಿ ಭೂಮಿ ಪಡೆದರು. ಗೇಣಿ ಚೀಟಿಯೂ ಇಲ್ಲದ ನಮ್ಮ ಮನೆಗಳಿಗೆ ಸಿಕ್ಕಿದ್ದು ಮನೆ ಕಟ್ಟುವಷ್ಟು ಸೆಂಟ್ಸು. ನಮ್ಮವರಿಗೇ ಅಂತ ಬ್ರಿಟಿಷರ ಕಾಲದಲ್ಲಿ ತೆಗೆದಿಟ್ಟ ಡಿ.ಸಿ. ಮನ್ನಾ ಜಮೀನಿಗಾಗಿ ನಮ್ಮ ಸಂಘಟನೆಗಳು ಇವತ್ತಿಗೂ ಕಚೇರಿಗಳ ಮುಂದೆ ಕೂತಿವೆ.

ನಮ್ಮ ಕಾಲನಿಯ ಹಿಂದೆ ಒಂದು ಅರ್ಧ ಸುರಂಗ ಇತ್ತು. ಅಜ್ಜಂದಿರು ಹಗಲು ಧಣಿಯ ಕೆಲಸ ಮುಗಿಸಿ ರಾತ್ರಿ ಚಿಮಿಣಿ ಹಚ್ಚಿಕೊಂಡು ತಮಗಾಗಿ ಕೊರೆದದ್ದು ಅದೊಂದೇ. 18 ಕೋಲು, ಅಂದರೆ 45 ಅಡಿ ಹೋದ ಮೇಲೆ ಗಟ್ಟಿ ಬಂಡೆ ಎದುರಾಗಿ ನಿಂತಿತ್ತು. ಆಮೇಲೆ ಅದು ಬಾವಲಿಗಳದ್ದಾಯಿತು.

ಮೊನ್ನೆಯ ಬೇಸಗೆಯಲ್ಲಿ ನಾವು ಐದು ಜನ ಒಳಗೆ ಹೊಕ್ಕೆವು. ಒಬ್ಬ ಗಾರೆ ಕೆಲಸದವ, ಒಬ್ಬ ಅಡಕೆ ಮರ ಹತ್ತುವವ, ಒಬ್ಬ ರಿಕ್ಷಾ ಓಡಿಸುವವ, ಇನ್ನಿಬ್ಬರು ಡಿಗ್ರಿ ಮುಗಿಸಿದವರು. ನಮ್ಮ ಮನೆಗಳಲ್ಲಿ ಅವೇ ಮೊದಲ ಡಿಗ್ರಿಗಳು. ಒಳಗೆ ಹೊಕ್ಕ ಮೇಲೆ ಡಿಗ್ರಿ ಹೊರಗೇ ಉಳಿಯಿತು. ಅಲ್ಲಿ ಮೇಷ್ಟ್ರು ನಮ್ಮ ಅಜ್ಜ. ಎಪ್ಪತ್ತು ದಾಟಿದ ಜೀವ, ದಮ್ಮು, ಒಳಗೆ ಬರಲಿಕ್ಕೆ ಆಗುವುದಿಲ್ಲ. ಸುರಂಗದ ಬಾಯಲ್ಲಿ ಕೂತು ನಾವು ಬುಟ್ಟಿಯಲ್ಲಿ ತಂದು ಸುರಿದ ಮಣ್ಣನ್ನು ಮುಷ್ಟಿ ಹಿಡಿದು ಹಿಸುಕಿ ನೋಡುತ್ತಿದ್ದರು.

'ಬಂಡೆ ಒಡೀಲಿಕ್ಕೆ ಹೋಗ್ಬೇಡಿ ಮಕ್ಕಳೇ. ಇದರಲ್ಲಿ ಪಸೆ ಉಂಟು. ನಾಲ್ಕು ಕೋಲು ಹಿಂದೆ ಬಂದು ಎಡಕ್ಕೆ ತಿರುಗಿ.'

'ಎಡಕ್ಕೆ ಯಾಕೆ ಅಜ್ಜ?'

'ಮೇಲೆ ಹೋಗಿ ನೋಡಿ ಬನ್ನಿ. ಎಡದ ಬದಿಯ ಗಿಡ ಈ ಬಿಸಿಲಿಗೂ ಬಾಡ್ಲಿಲ್ಲ.'

ಹತ್ತಿ ನೋಡಿದರೆ ಹೌದು. ಹೀಗೆ ಹೊಸ ಕವಲು ಶುರುವಾಯಿತು.

ಒಬ್ಬ ಮಂಡಿಯೂರಿ ಪಿಕ್ಕಾಸು ಹಾಕಬೇಕು. ಅವನ ಹಿಂದೆ ಒಬ್ಬ ಮಣ್ಣು ಬಾಚಬೇಕು. ಉಳಿದವರು ಬುಟ್ಟಿ ದಾಟಿಸಬೇಕು. ಗೋಡೆಯಲ್ಲಿ ಮೇಣದ ಬತ್ತಿ. ಅದು ಬೆಳಕಿಗೆ ಮಾತ್ರ ಅಲ್ಲ, ಉಸಿರಿಗೆ. ಬತ್ತಿ ಸಣ್ಣಗಾದರೆ ಒಳಗೆ ಗಾಳಿ ಕೆಟ್ಟಿದೆ ಅಂತ ಅರ್ಥ, ತಕ್ಷಣ ಹೊರಗೆ ಬರಬೇಕು. ಅಗೆದ ನೆಲ ಬಾಯಿಯ ಕಡೆಗೆ ತುಸು ಇಳಿಯುತ್ತಾ ಇರಬೇಕು, ಇಲ್ಲದಿದ್ದರೆ ಸಿಕ್ಕಿದ ನೀರು ಒಳಗೇ ನಿಲ್ಲುತ್ತದೆ. ಮುರಕಲ್ಲಿನ ಗುಣವೇ ಬೇರೆ. ಒಳಗೆ ಹಸಿಯಾಗಿದ್ದಾಗ ಪಿಕ್ಕಾಸಿಗೆ ಬಗ್ಗುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಕಂಬ ಕಟ್ಟದೆಯೂ ಸುರಂಗಗಳು ತಲೆಮಾರು ನಿಲ್ಲುತ್ತವೆ. ಆದರೂ ಮಣ್ಣು ಕುಸಿಯುವ ಭಯ ಇದ್ದೇ ಇರುತ್ತದೆ. ಅಷ್ಟು ಇಕ್ಕಟ್ಟಿನಲ್ಲಿ ಬೆನ್ನಿನ ಮೇಲೆ ಇಡೀ ಗುಡ್ಡೆ ಕೂತಿದೆ ಅನ್ನಿಸುತ್ತದೆ. ಈ ಭಯವನ್ನು ಅಜ್ಜ ಬರೀ ದಿನದ ಕೂಲಿಗೆ ತಿಂದಿದ್ದರು.

ಹಗಲು ದುಡಿಮೆ, ಸಂಜೆ ಸುರಂಗ. ವಾರಕ್ಕೆ ಎರಡು ಕೋಲು. ಮೂರನೆಯ ವಾರ ಕೆಳಗಿನ ತೋಟದವರು ಒಬ್ಬರು ಬಂದರು. 'ನೀವು ಹೀಗೆ ಕೊರೆದರೆ ನಮ್ಮ ಸುರಂಗ ಬತ್ತುದಿಲ್ವಾ?' ತಮ್ಮ ತೋಟದಲ್ಲಿ ಮೂರು ಬೋರು ಹಾಕಿಸಿದವರು ಅವರು. ಬೋರು ನೂರಾರು ಅಡಿ ಆಳದ ನೀರನ್ನು ಎಳೆಯುತ್ತದೆ. ಸುರಂಗ ಗುಡ್ಡೆ ತಾನಾಗಿ ಬಿಟ್ಟಷ್ಟನ್ನೇ ತರುತ್ತದೆ. ಇದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಮರುದಿನ ಆಫೀಸಿನವರು ಬಂದು 'ಪರ್ಮಿಶನ್ ಉಂಟಾ?' ಅಂದರು. ನಾವು ಬಾಯಿ ತೆರೆಯುವ ಮೊದಲೇ ನಮ್ಮ ಚಿಕ್ಕಮ್ಮ ಕೊಡಪಾನ ಕೆಳಗಿಟ್ಟು ಹೇಳಿದರು: 'ನೀವು ಹಾಕಿಸಿದ ಬೋರಿಗೆ ಪರ್ಮಿಶನ್ ಇತ್ತಲ್ಲ ಸ್ವಾಮಿ, ಅದರಲ್ಲಿ ನೀರು ಬಂತಾ?' ಅವರು ಬಂದ ಜೀಪಿನಲ್ಲೇ ಹೋದರು.

ಐದನೆಯ ವಾರ, ಕವಲಿನ 9ನೆಯ ಕೋಲಿಗೆ ಗೋಡೆ ಬೆವರಿತು. ಕೆಳಗಿನ ಜೇಡಿಮಣ್ಣಿನ ಪದರದ ಮೇಲೆ ನೀರು ನೂಲಿನಂತೆ ಹರಿಯಿತು. ಅಡಕೆ ಮರದ ದಂಬೆ ಇಟ್ಟು ಹೊರಗೆ ತಂದೆವು. ಒಂದು ಕೊಡಪಾನ ತುಂಬಲಿಕ್ಕೆ 11 ನಿಮಿಷ ಬೇಕು. ದೊಡ್ಡ ನೀರಲ್ಲ. ಆದರೆ ರಾತ್ರಿ ಹಗಲು ನಿಲ್ಲುವುದಿಲ್ಲ. ಕಾಲನಿಯ 14 ಮನೆಗಳ ಕುಡಿಯುವ ನೀರಿಗೆ ಸಾಕು. ತೊಟ್ಟಿ ಕಟ್ಟಿದ್ದು ಗಾರೆಯ ಗೆಳೆಯ. ಮೊದಲ ಕೊಡಪಾನ ಅಜ್ಜನ ಮುಂದೆ ಇಟ್ಟೆವು. ಅವರು ಬೊಗಸೆಯಲ್ಲಿ ಕುಡಿದು ಇಷ್ಟೇ ಅಂದರು: 'ನಾನು ತೋಡಿದ ಸುರಂಗದ ನೀರನ್ನು ಬಾಯಲ್ಲೇ ನಿಂತು ಕುಡಿದದ್ದು ಇದೇ ಮೊದಲು.'

ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡುತ್ತಿದ್ದವರು. ಮೊದಲು ಕೊರೆದ ಸುರಂಗಗಳಲ್ಲಿ ನೀರು ಸಿಗದಿದ್ದರೂ ಬಿಡದೆ ಒಬ್ಬರೇ ಮತ್ತೆ ಮತ್ತೆ ಕೊರೆದು ಬೋಳು ಗುಡ್ಡೆಯನ್ನು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮಗೆ ಸಂತೋಷ. ಆದರೆ ಅವರ ಕತೆಯಲ್ಲಿ ಬರೀ ಛಲವನ್ನು ಹೊಗಳುವವರು ಒಂದು ಮಾತು ಬಿಡುತ್ತಾರೆ. ಅವರು ಕೊರೆದದ್ದು ತಮಗೆ ಸಿಕ್ಕಿದ ಜಾಗದಲ್ಲಿ. ಛಲ ನಮ್ಮ ಅಜ್ಜಂದಿರಿಗೂ ಇತ್ತು. ಇಲ್ಲದ್ದು ಜಾಗ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಮುಟ್ಟಿ ಕುಡಿದರು. ಕಟ್ಟಿದ ಕೆರೆಯ ನೀರು ಮುಟ್ಟುವ ಹಕ್ಕಿನ ಹೋರಾಟ ಅದು. ನಾವು ಕೇಳುವುದು ಅದರ ಮುಂದಿನ ಮೆಟ್ಟಿಲು: ನೀರು ಹುಟ್ಟುವ ನೆಲ.

ಶಾಲೆಯ ಮೇಷ್ಟ್ರುಗಳೇ, ಮಕ್ಕಳನ್ನು ಊರಿನ ಸುರಂಗಕ್ಕೆ, ಬಾವಿಗೆ, ಕೆರೆಗೆ ಕರೆದುಕೊಂಡು ಹೋಗಿ. ಅಳತೆ ಬರೆಸಿ. ಜತೆಗೆ ಇನ್ನೆರಡು ಸಾಲು ಬರೆಸಿ: ತೋಡಿದವರು ಯಾರು, ಕುಡಿಯುವವರು ಯಾರು. ಗೆಳೆಯರೇ, ನಿಮ್ಮ ಊರಿನ ಡಿ.ಸಿ. ಮನ್ನಾ ಜಮೀನಿನ ದಾಖಲೆ ಹುಡುಕಿ ತೆಗೆಯಿರಿ. ಹಾರೆ ಪಿಕ್ಕಾಸು ಹಿಡಿಯಲು ನಮ್ಮ ಕೈಗೆ ಯಾರೂ ಕಲಿಸಬೇಕಾಗಿಲ್ಲ. ಇನ್ನು ಮುಂದೆ ಸುರಂಗದ ಬಾಯಿ ನಮ್ಮ ಅಂಗಳಕ್ಕೆ ತೆರೆಯಬೇಕು.