ಗಡಿಗೆಯೊಳಗಿನ ಗಂಗೂಬಾಯಿ

ಬೇಸಿಗೆ ಬಂತೆಂದರೆ ರಾಣೆಬೆನ್ನೂರಿನ ಪಿ.ಬಿ. ರಸ್ತೆಯ ಬದಿಗೆ ಗಡಿಗೆಗಳ ಸಾಲು ಏಳುತ್ತದೆ. ಈಚೀಚೆಗೆ ಅವುಗಳ ಹೊಟ್ಟೆಗೆ ತೂತು ಕೊರೆದು ಪ್ಲಾಸ್ಟಿಕ್ಕಿನ ನಳ ಕೂಡಿಸಿಯೇ ಮಾರುತ್ತಾರೆ. ಮೊನ್ನೆ ಒಂದು ಗಡಿಗೆಗೆ ನಳ ಇರಲಿಲ್ಲ, ದುಂಡನೆಯ ತೂತಷ್ಟೇ ಇತ್ತು. "ನಳ ಇಲ್ಲಲ್ಲ, ಇಪ್ಪತ್ತು ರೂಪಾಯಿ ಬಿಡ್ರಿ" ಎಂದು ಯಾರೋ ಚೌಕಾಸಿಗೆ ನಿಂತಿದ್ದರು. ನನಗೆ ಮಾತ್ರ ಆ ತೂತಿನಿಂದ ಎರಡು ವೈರು ಹೊರಬರಬೇಕಿತ್ತಲ್ಲ ಅನ್ನಿಸಿತು. ಒಂದು ಕೆಂಪು, ಒಂದು ಕರಿ.

ಗಡಿಗೆಗೆ ಸ್ಪೀಕರ್ ಕೂಡಿಸಿ ಹಾಡು ಕೇಳಿದ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಷೌರದಂಗಡಿ, ಚಹಾದಂಗಡಿ, ಹಿಟ್ಟಿನ ಗಿರಣಿ, ಎಲ್ಲಿ ಟೇಪ್‌ರೆಕಾರ್ಡರ್ ಇತ್ತೋ ಅಲ್ಲಿ ಮೂಲೆಗೊಂದು ಗಡಿಗೆ. ಅದರ ಬಾಯಿಗೆ ಮುಗಿಲು ನೋಡುತ್ತ ಮಲಗಿದ ಆರಿಂಚಿನ ಸ್ಪೀಕರು. ಬ್ಯಾಡಗಿಯ ನಮ್ಮ ಸೋದರಮಾವನ ಮನೆಯಲ್ಲಿದ್ದದ್ದು ಗಡಿಗೆಯಲ್ಲ, ಹರವಿ. ಮಾವ ಮೆಣಸಿನಕಾಯಿ ದಲಾಲಿ. ಸಣ್ಣದು ಯಾವುದೂ ಅವರಿಗೆ ಒಗ್ಗುತ್ತಿರಲಿಲ್ಲ. ಅದನ್ನು ಆರಿಸಲು ರೇಡಿಯೋ ರಿಪೇರಿಯವನನ್ನು ಕರೆದುಕೊಂಡು ಕುಂಬಾರರ ಓಣಿಗೆ ಹೋದಾಗ ನಾನೂ ಹಿಂದೆ ಬಿದ್ದಿದ್ದೆ. ನೀರಿಗೆ ಹರವಿ ಕೊಳ್ಳುವ ಹೆಂಗಸರು ಸೀಳು ಇದೆಯೋ ಎಂದು ಬೆರಳಿನ ಗೆಣ್ಣಿನಿಂದ ಬಡಿದು ನೋಡುತ್ತಾರೆ. ರಿಪೇರಿಯವನು ಬಡಿಯಲಿಲ್ಲ. ಒಂದೊಂದರ ಬಾಯಿಗೂ ಮುಖವಿಟ್ಟು, ಕಣ್ಣು ಮುಚ್ಚಿ, ತಗ್ಗಿನಿಂದ ಮೇಲಕ್ಕೆ "ಹೂಂ" ಎಂದು ದನಿ ಎಳೆಯುತ್ತಿದ್ದ. ಯಾವುದೋ ಒಂದು ಸ್ವರ ಬಂದಾಗ ಹರವಿ ಒಳಗಿನಿಂದ ತಾನೂ ಓಗೊಡುತ್ತಿತ್ತು. ಹೆಚ್ಚು ತಗ್ಗಿನಲ್ಲಿ ಓಗೊಟ್ಟ ಹರವಿ ಮನೆಗೆ ಬಂತು. ಕುಂಬಾರನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದು ನನಗಿನ್ನೂ ನೆನಪಿದೆ. ಕುಂಬಾರಗಿತ್ತಿಯ ಮಗನೆಂದು ಐತಿಹ್ಯವಿರುವ ಸರ್ವಜ್ಞನ ಮಾಸೂರು ಇದೇ ಹಾವೇರಿ ಜಿಲ್ಲೆಯದು. ಅವನು ಅಲ್ಲಿದ್ದಿದ್ದರೆ ಆ ಸ್ಥಳದಲ್ಲೇ ಮೂರು ಸಾಲು ಬಿಗಿದಿರುತ್ತಿದ್ದ.

ಬಹಳ ಕಾಲದ ಮೇಲೆ ಗೊತ್ತಾಯಿತು, ಈ ವಿದ್ಯೆ ಎರಡು ಸಾವಿರ ವರ್ಷ ಹಳೆಯದು. ರೋಮಿನ ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿ ಕ್ರಿ.ಪೂ. ಒಂದನೆಯ ಶತಮಾನದಲ್ಲಿ ಕಟ್ಟಡವಿದ್ಯೆಯ ಮೇಲೆ ಹತ್ತು ಭಾಗಗಳ ಗ್ರಂಥ ಬರೆದ. ಅದರ ಐದನೆಯ ಭಾಗದಲ್ಲಿ ರಂಗಮಂದಿರದ ಆಸನಗಳ ನಡುವೆ ಗೂಡು ಮಾಡಿ, ಬೇರೆ ಬೇರೆ ಸ್ವರಕ್ಕೆ ಹೊಂದಿಸಿದ ಕಂಚಿನ ಪಾತ್ರೆಗಳನ್ನು ಇಡಲು ಹೇಳುತ್ತಾನೆ. ನಟನ ದನಿ ತಾಗಿದರೆ ಅದಕ್ಕೆ ಕೂಡುವ ಪಾತ್ರೆ ಮೊಳಗಬೇಕು. ಮುಮ್ಮಿಯಸ್ ಎಂಬ ದಂಡನಾಯಕ ಕ್ರಿ.ಪೂ. 146ರಲ್ಲಿ ಕೊರಿಂತ್ ಪಟ್ಟಣವನ್ನು ಹಾಳುಗೆಡವಿದಾಗ ಅಲ್ಲಿನ ರಂಗಮಂದಿರದ ಇಂಥ ಪಾತ್ರೆಗಳನ್ನು ರೋಮಿಗೆ ಹೊತ್ತುಕೊಂಡು ಹೋಗಿ ಚಂದ್ರದೇವತೆಯ ಗುಡಿಗೆ ಒಪ್ಪಿಸಿದನಂತೆ. ಲೂಟಿಯಲ್ಲಿ ಸ್ಪೀಕರ್ ಹೊತ್ತೊಯ್ದ ಮೊದಲ ಸೇನಾಪತಿ ಅವನೇ ಇರಬೇಕು. ಆದರೆ ನನ್ನ ಮನಸ್ಸು ಕದ್ದದ್ದು ಅಧ್ಯಾಯದ ಕೊನೆಯ ಮಾತು. ಸಣ್ಣ ಊರುಗಳಲ್ಲಿ ಕಂಚಿಗೆ ದುಡ್ಡಿಲ್ಲದ ಜಾಣ ಶಿಲ್ಪಿಗಳು ಹಾಗೆಯೇ ದನಿಗೊಡುವ ಮಣ್ಣಿನ ದೊಡ್ಡ ಪಾತ್ರೆಗಳನ್ನಿಟ್ಟು ಒಳ್ಳೆಯ ಫಲ ಕಂಡಿದ್ದಾರೆ ಎನ್ನುತ್ತಾನೆ. ಇದನ್ನು ಬ್ಯಾಡಗಿಯ ಬಗ್ಗೆ ಬರೆದದ್ದಲ್ಲ ಎಂದು ನನ್ನನ್ನು ಯಾರೂ ನಂಬಿಸಲಾರರು.

ಮುಂದೆ ಯುರೋಪಿನವರು ಚರ್ಚುಗಳ ಗೋಡೆಗೂ ಮಡಿಕೆ ಹುಗಿದರು. 1432ರಲ್ಲಿ ಮೆಟ್ಸ್ ಪಟ್ಟಣದ ಮಠವೊಂದರ ಅಧಿಪತಿ ಬೇರೊಂದು ಕಡೆ ಇದನ್ನು ನೋಡಿ ಬಂದು, ತನ್ನ ಗಾಯಕರು ನಿಲ್ಲುವ ಕಡೆಯ ಗೋಡೆಗೂ ಮಡಿಕೆ ಕೂಡಿಸಿದ. ಹಾಡಿಕೆ ಸುಧಾರಿಸಿತೋ ಇಲ್ಲವೋ ತನಗೆ ತಿಳಿಯದು, ಗೋಡೆಯಂತೂ ಅಲುಗಾಡಿ ಹಾಳಾಯಿತು ಎಂದು ಆ ಮಠದ ದಫ್ತರದವನೇ ಬರೆದಿಟ್ಟಿದ್ದಾನೆ. ಇದು ನಗೆಪಾಟಲಿನ ಸಂಗತಿ ಎಂದು ಅಂಚಿನಲ್ಲೊಂದು ಟಿಪ್ಪಣಿ ಬೇರೆ. ಅತ್ತೆಯೂ ಹೆಚ್ಚುಕಡಿಮೆ ಇದೇ ಮಾತನ್ನು ಆಡುತ್ತಿದ್ದರು. ಅಡುಗೆಮನೆಯಲ್ಲಿ ನೀರಿಗೆ ಹರವಿ ಸಾಲದಿದ್ದಾಗ ಪಡಸಾಲೆಯಲ್ಲೊಂದು ಹರವಿ ಹಾಡುತ್ತ ಕೂತಿದ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ?

ಅತ್ತೆಗೆ ತಿಳಿಹೇಳಲು ಆಗ ನನಗೆ ಬುದ್ಧಿ ಇರಲಿಲ್ಲ. ಈಗಾದರೆ ಹೀಗೆ ಹೇಳುತ್ತಿದ್ದೆ. ಇವತ್ತಿಗೂ ನಡೆದಿರುವ ಸುರುಳಿ-ಅಯಸ್ಕಾಂತದ ಸ್ಪೀಕರನ್ನು 1925ರಲ್ಲಿ ಲೋಕಕ್ಕೆ ತೋರಿಸಿದವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್. ಅದನ್ನು ಬರಿಗಾಳಿಯಲ್ಲಿ ಹಿಡಿದು ನುಡಿಸಿದರೆ ಕಾಗದದ ಶಂಕು ಮುಂದಕ್ಕೆ ನೂಕಿದ ಗಾಳಿ ಸುತ್ತಿಕೊಂಡು ಹಿಂದಕ್ಕೆ ಹೋಗಿಬಿಡುತ್ತದೆ. ತಬಲಾದ ಡಗ್ಗ ಸತ್ತೇ ಹೋಗುತ್ತದೆ. ಹಿಂದಿನ ಗಾಳಿಯನ್ನು ಕಟ್ಟಿಹಾಕಲು ಒಂದು ಪೆಟ್ಟಿಗೆ ಬೇಕು. ಬಡಗಿಗೆ ಕೊಡಲು ದುಡ್ಡಿಲ್ಲದವನು ಕುಂಬಾರನ ಹತ್ತಿರ ಹೋದ, ಅಷ್ಟೇ. ಪೆಟ್ಟಿಗೆಗಿಂತ ಗಡಿಗೆ ಒಂದು ಕೈ ಮೇಲು ಎಂಬುದಕ್ಕೂ ಸಾಕ್ಷಿ ಇದೆ. ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ 1951ರಲ್ಲಿ ಬಗೆಬಗೆಯ ಆಕಾರದ ಪೆಟ್ಟಿಗೆಗಳಿಗೆ ಸ್ಪೀಕರ್ ಕೂಡಿಸಿ ಅಳೆದ ಲೆಕ್ಕ ಪ್ರಕಟಿಸಿದ. ಚೌಕ ಡಬ್ಬಿಯ ಅಂಚುಗಳಿಗೆ ಬಡಿದು ದನಿ ಏರುಪೇರಾಗುತ್ತದೆ, ಎಲ್ಲಕ್ಕಿಂತ ಸಮನಾಗಿ ನುಡಿಯುವುದು ಗೋಳ.

ಹರವಿಗೆ ಒಂದು ಚಟವಿತ್ತು, ಸುಳ್ಳು ಹೇಳಬಾರದು. ರಿಪೇರಿಯವನಿಗೆ ಓಗೊಟ್ಟ ಆ ಒಂದು ಸ್ವರ ಹಾಡಿನಲ್ಲಿ ಬಂದಾಗೆಲ್ಲ ತಾನೂ ಜೋರಾಗಿ ಗುಂಯ್ ಎನ್ನುತ್ತಿತ್ತು. ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಶರೀಫರ ಪದಗಳಿಗೆ ಅದು ನಡೆಯುತ್ತಿತ್ತು. ಶಿಶುನಾಳ ನಮ್ಮದೇ ಶಿಗ್ಗಾವಿ ತಾಲ್ಲೂಕಿನದು, ಹೊಂದಿಕೊಂಡು ಹೋದೀತು. ಮಾವನಿಗೆ ಬೇಕಿದ್ದದ್ದು ಗಂಗೂಬಾಯಿ ಹಾನಗಲ್. ಹುಟ್ಟಿದ್ದು ಧಾರವಾಡ, ಬಾಳಿದ್ದು ಹುಬ್ಬಳ್ಳಿ, ಹೆಸರಿಗಷ್ಟೇ ನಮ್ಮ ಜಿಲ್ಲೆಯ ಹಾನಗಲ್ಲು. ಆದರೂ ಮಾವ ಅವರನ್ನು ಊರ ಮಗಳೆಂದೇ ಹಿಡಿದಿದ್ದರು. ಎಚ್‌ಎಂವಿಯ ಮೊದಮೊದಲ ತಟ್ಟೆಗಳಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಹಾಡಿದ ಸಣ್ಣ ಎತ್ತರದ ದನಿ, ಗಂಟಲಿನ ಶಸ್ತ್ರಚಿಕಿತ್ಸೆಯ ಮೇಲೆ ತಗ್ಗಿಗೆ ಇಳಿಯಿತು. ಆ ತಗ್ಗೇ ಅವರ ಹೆಚ್ಚುಗಾರಿಕೆಯಾಯಿತು. ಮಂದ್ರಕ್ಕೆ ಇಳಿಯುವಾಗ ಅವರ ದನಿಯೂ ಹರವಿಯ ಸ್ವರವೂ ಒಂದೇ ಕಡೆ ಎದುರಾಗುತ್ತಿದ್ದವು. ಕೊನೆಗೊಂದು ದಿನ ಮಾವ ಎದ್ದು ಸ್ಪೀಕರಿನ ಕೆಳಗೆ ಹಿಂಜಿದ ಹತ್ತಿ ತುಂಬಿದರು, ಒಂದು ಹಿಡಿ ಹಾಕುವುದು, ಕೇಳುವುದು, ಮತ್ತೊಂದು ಹಿಡಿ. ತಂಬೂರಿಯ ನಾಲ್ಕು ತಂತಿ ಬೇರೆ ಬೇರೆ ಕೇಳಿಸಿದಾಗ ಕೈ ನಿಲ್ಲಿಸಿದರು.

ಆ ಪಡಸಾಲೆಯ ಗುಟ್ಟು ಹರವಿಯೊಂದರಲ್ಲೇ ಇರಲಿಲ್ಲ. ಮಣ್ಣಿನ ಗೋಡೆ, ಮೇಲೆ ಜಂತಿಯ ಮಾಳಿಗೆ, ಗೋಡೆಗುಂಟ ಆಳೆತ್ತರ ಒಟ್ಟಿದ ಮೆಣಸಿನಕಾಯಿ ಚೀಲ. ಬ್ಯಾಡಗಿ ಕಾಯಿ ಸುಕ್ಕುಸುಕ್ಕು, ಟೊಳ್ಳು, ಚೀಲದ ತುಂಬ ಕಾಯಿಗಿಂತ ಗಾಳಿಯೇ ಹೆಚ್ಚು. ದನಿ ಒಳಗೆ ಹೊಕ್ಕರೆ ಮರಳಿ ಬರುವುದಿಲ್ಲ. ಸ್ಟುಡಿಯೋದವರು ಮೂಲೆಮೂಲೆಗೆ ದನಿ ಹೀರುವ ಹಲಗೆ ಹಚ್ಚಲು ಲಕ್ಷಗಟ್ಟಲೆ ಸುರಿಯುತ್ತಾರೆ. ಮಾವನ ಸ್ಟುಡಿಯೋ ಪೇಟೆಯ ಧಾರಣೆಗೆ ತಕ್ಕಂತೆ ತುಂಬಿ ಖಾಲಿಯಾಗುತ್ತಿತ್ತು. ರೇಟು ಏರಿ ಚೀಲಗಳೆಲ್ಲ ಲಾರಿಗೆ ಹೋದ ರಾತ್ರಿ ಗಂಗೂಬಾಯಿ ಬಾವಿಯಲ್ಲಿ ಹಾಡಿದಂತೆ ಕೇಳುತ್ತಿತ್ತು. ಲಾಭದ ದಿನ ಮಾವನ ಮುಖ ಯಾಕೆ ಸಪ್ಪಗಿರುತ್ತದೆಂದು ಅತ್ತೆಗೆ ಕೊನೆತನಕ ಅರ್ಥವಾಗಲಿಲ್ಲ.

ಇದನ್ನೆಲ್ಲ ಹಾವೇರಿಯಲ್ಲಿರುವ ನನ್ನ ತಂಗಿಯ ಮಗನಿಗೆ ಹೇಳಿದೆ. ಅವನು ಕೇಳಿದ್ದು ಐದು ಸಾವಿರದೊಳಗೆ ಯಾವ ಸ್ಪೀಕರ್ ತಗೊಳ್ಳಲಿ ಎಂದು. "ಮಾಮಾ, ಗಡಿಗಿ ಬ್ಯಾಡ, ಬ್ಲೂಟೂತ್ ಹೇಳ್ರಿ" ಎಂದ. ಹೇಳಿದೆ. ಡಬ್ಬಿಯ ಮೇಲೆ ಪಿಎಂಪಿಓ ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ನಂಬಬೇಡ, ಜೊತೆಗೆ ಕೊಟ್ಟ ಅಡಾಪ್ಟರ್ ತಿರುಗಿಸಿ ನೋಡು. 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಅದು ಎಡೆಬಿಡದೆ ಕೊಡಬಲ್ಲದ್ದು 24 ವ್ಯಾಟ್ ಮಾತ್ರ. ಮನೆಗೆ ಅದೂ ಧಾರಾಳ. ವ್ಯಾಟ್ ಎರಡರಷ್ಟು ಮಾಡಿದರೂ ಏರುವುದು 3 ಡೆಸಿಬೆಲ್. ರಿಪೇರಿಯವನು ಮಾವನಿಗೆ ಕಟ್ಟಿಕೊಟ್ಟ 4440 ಐಸಿಯ ಆಂಪ್ಲಿಫೈಯರ್ ಒಂದು ಸ್ಪೀಕರಿಗೆ 6 ವ್ಯಾಟ್ ಕೊಡುತ್ತಿತ್ತು, ಓಣಿಯ ತುದಿಗೆ ಕೇಳುತ್ತಿತ್ತು. ಬಣ್ಣದ ದೀಪ ಕುಣಿಯುವ ಎತ್ತರದ ಟವರ್‌ಗಳನ್ನು ಗಣಪತಿ ಮೆರವಣಿಗೆಗೆ ಬಿಡು. ನಾಲ್ಕಿಂಚಿನ ಶಂಕುವಿರುವ, ಎತ್ತಿದರೆ ಕೈಗೆ ಭಾರ ಹತ್ತುವ ಜೋಡಿ ಪೆಟ್ಟಿಗೆ ನೋಡು. ಅಂಗಡಿಯವನು ಹಚ್ಚುವ ಹಾಡಿಗೆ ತಲೆದೂಗಬೇಡ, ಅದು ಯಾವ ಡಬ್ಬಿಯಲ್ಲೂ ಚೆನ್ನಾಗಿಯೇ ಕೇಳುತ್ತದೆ. ನಿನ್ನ ಫೋನಿನಿಂದ ಗಂಗೂಬಾಯಿ ಹಚ್ಚು, ಹಿಂದಿನ ತಂಬೂರಿ ಕೇಳುತ್ತದೋ ನೋಡು.

ಜೋಡಿ ಪೆಟ್ಟಿಗೆ ಬಂದವು. ಅವನದು ಹೊಸ ಲೇಔಟಿನ ಆರ್‌ಸಿಸಿ ಮನೆ. ನೆಲಕ್ಕೆ ಕನ್ನಡಿಯಂಥ ಟೈಲ್ಸ್, ಒಂದು ಗೋಡೆಯ ತುಂಬ ಗಾಜಿನ ಶೋಕೇಸು. ಚಪ್ಪಾಳೆ ಹೊಡೆದರೆ ನಾಲ್ಕು ಸಲ ಕೇಳುತ್ತದೆ. ಮೂಲೆಗೆ ನಾಲ್ಕು ಚೀಲ ಮೆಣಸಿನಕಾಯಿ ಇಡಿಸು ಎಂದೆ. ಅವನ ಹೆಂಡತಿ ಅಲ್ಲೇ ಎರಡು ಸಲ ಸೀನಿ ಉತ್ತರ ಕೊಟ್ಟಳು. ಕೊನೆಗೆ ಆಕೆಯ ಅಜ್ಜಿ ಹೊಲಿದ ಕೌದಿಯನ್ನು ಸ್ಪೀಕರಿನ ಎದುರು ಗೋಡೆಗೆ ತೂಗುಹಾಕುವುದೆಂದಾಯಿತು. ಏಳೆಂಟು ಪದರ ಹಳೆಯ ಸೀರೆ, ಮೆಣಸಿನಕಾಯಿಯಷ್ಟಲ್ಲದಿದ್ದರೂ ಕೆಲಸ ಮಾಡಿತು. ಈಗ ತಕರಾರು ಇರುವುದು ಕೌದಿಯ ಯಾವ ಮಗ್ಗುಲು ಹೊರಗೆ ಕಾಣಬೇಕು ಎಂಬುದರಲ್ಲಿ. ದನಿಗೆ ಎರಡೂ ಒಂದೇ ಎಂದು ನಾನು ಹೇಳಿದ್ದನ್ನು ಇಬ್ಬರೂ ಒಪ್ಪಿಲ್ಲ.