ಮಗಳು ಗಳೆ ಹಿಡಿದಳು

"ನಿಮ್ಮ ಹುಡುಗಿ ಗಳೆ ಹಿಡಕೊಂಡು ಓಡತಾಳಂತಲ್ರೀ, ಹೌದೇನು?" ಎಂದು ನಮ್ಮ ಓಣಿಯ ಹೆಂಗಸರು ಕೇಳುವಾಗ ಆ ದನಿಯಲ್ಲಿ ಅರ್ಧ ಕುತೂಹಲ, ಅರ್ಧ ಮರುಕ. ಹೌದು, ಓಡುತ್ತಾಳೆ. ಕಬಡ್ಡಿ, ಖೋಖೋ ಎಂದಿದ್ದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಪೋಲ್‌ವಾಲ್ಟ್ ಎಂದ ಕೂಡಲೆ, "ಅಯ್ಯೋ, ತಲೆಕೆಳಗಾಗಿ ಹಾರೋದಲ್ಲೇನು? 14 ವರ್ಷದ ಹುಡುಗಿ, ನಾಳೆ ಕೈಕಾಲು ಊನ ಆದರೆ?" ಎನ್ನುತ್ತಾರೆ. ಆ ಭಯ ಸುಳ್ಳಲ್ಲ ಸೋದರಿಯರೇ. ಆದರೆ ಭಯ ಪಡಬೇಕಾದ್ದು ಯಾವುದಕ್ಕೆ, ಬೇಡವಾದದ್ದು ಯಾವುದಕ್ಕೆ ಎಂದು ತಾಯಿಯಾದವಳಿಗೆ ತಿಳಿದಿರಬೇಕು. ನಾಳೆ ನಿಮ್ಮ ಮನೆಯಲ್ಲೂ ಒಬ್ಬಳು, "ಅಮ್ಮಾ, ನಾನೂ ಹಾರ್ತೀನಿ" ಎಂದು ನಿಂತಾಳು. ಅದಕ್ಕೇ ಎರಡು ವರ್ಷದಿಂದ ಹೊಸಪೇಟೆಯ ಒಂದು ಶಾಲಾ ಮೈದಾನದ ಅಂಚಿನಲ್ಲಿ ಕೂತು ನಾನು ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ನನ್ನ ತವರು ಕಂಪ್ಲಿ. ಹೊಳೆ ನೀರು, ಭತ್ತ, ಕಬ್ಬು, ಎಲ್ಲಿ ನೋಡಿದರೂ ಕಾಲುವೆ. ನಮ್ಮ ಅಣ್ಣಂದಿರು ಗದ್ದೆಗೆ ಹೋಗುವಾಗ ಬಿದಿರು ಗಳೆ ಊರಿ ಕಾಲುವೆಯನ್ನು ಒಂದೇ ನೆಗೆತಕ್ಕೆ ದಾಟುತ್ತಿದ್ದರು. ನಾವು ಹೆಣ್ಣುಮಕ್ಕಳು ಬುತ್ತಿ ಹೊತ್ತು ಬದುವಿನ ಮೇಲೆ ಸುತ್ತು ಹಾಕಿ ಹೋಗಬೇಕು. ಹಾಲೆಂಡಿನ ಫ್ರೀಸ್‌ಲ್ಯಾಂಡ್ ಎಂಬಲ್ಲಿಯೂ ರೈತರು ಹೀಗೇ ಗಳೆಯೂರಿ ಕಾಲುವೆ ದಾಟುತ್ತಿದ್ದರಂತೆ, ಅಲ್ಲಿ ಅದೇ ಒಂದು ಪಂದ್ಯವಾಗಿದೆ. ಇನ್ನು ಬಿದಿರು ಎಂದರೆ ತಾತ್ಸಾರ ಬೇಡ. 1942ರಲ್ಲಿ ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ 4.77 ಮೀಟರ್ ಹಾರಿದ್ದು ಬಿದಿರಿನ ಗಳೆಯಿಂದಲೇ. ಬಾಗಿ ಚಿಮ್ಮುವ ಫೈಬರ್ ಗಾಜಿನ ಗಳೆಗಳು ಬಂದದ್ದು ಆಮೇಲೆ.

ಹೆಣ್ಣುಮಕ್ಕಳ ಸರದಿ ಮಾತ್ರ ಬಹಳ ತಡವಾಗಿ ಬಂತು. ಗಂಡಸರಿಗೆ 1896ರ ಮೊದಲ ಒಲಿಂಪಿಕ್ಸಿನಲ್ಲೇ ಈ ಆಟವಿತ್ತು. ನಮ್ಮವರಿಗೆ 2000ದ ಸಿಡ್ನಿಯಲ್ಲಿ! 104 ವರ್ಷ ಬದುವಿನ ಮೇಲೆ ಸುತ್ತು ಹಾಕಿದ ಹಾಗಾಯಿತು, ಅಲ್ಲವೇ? ರಷ್ಯದ ಯೆಲೆನಾ ಇಸಿನ್‌ಬಯೇವಾ ಹೆಸರು ನೀವು ಕೇಳಿರಬಹುದು. ಜಿಮ್ನಾಸ್ಟಿಕ್ಸಿಗೆ ಹೆಚ್ಚು ಎತ್ತರವಾದಳೆಂದು 15ನೆಯ ವಯಸ್ಸಿನಲ್ಲಿ ಅದನ್ನು ಬಿಟ್ಟು ಗಳೆ ಹಿಡಿದ ಹುಡುಗಿ. 2005ರಲ್ಲಿ 5 ಮೀಟರ್ ದಾಟಿದ ಮೊದಲ ಹೆಂಗಸಾದಳು, 2009ರಲ್ಲಿ 5.06 ಮೀಟರ್ ಏರಿದಳು. ನಮ್ಮ ದೇಶದಲ್ಲಿ ವಿ.ಎಸ್. ಸುರೇಖಾ 2014ರಲ್ಲಿ 4.15 ಮೀಟರ್ ಹಾರಿದ್ದರು. 2022ರಲ್ಲಿ ತಮಿಳುನಾಡಿನ ರೋಸಿ ಮೀನಾ ಪಾಲ್‌ರಾಜ್ ಅದನ್ನು ಮೀರಿದರು, ಮೊದಲು ಗಾಂಧಿನಗರದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 4.20, ಕೆಲವೇ ದಿನಗಳಲ್ಲಿ ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 4.21. ನಮ್ಮ ಮನೆಯ ಮಾಳಿಗೆಯ ಮೇಲೊಬ್ಬಳು ಕೈಯೆತ್ತಿ ನಿಂತಷ್ಟು ಎತ್ತರ ಎನ್ನಿ.

ಇಷ್ಟೆಲ್ಲಾ ಓದಿದ ಮೇಲೆ ಮಗಳು ಮೊದಲ ದಿನವೇ ಹಾರುತ್ತಾಳೆ ಎಂದುಕೊಂಡು ನಾನು ಎದೆ ಹಿಡಿದುಕೊಂಡು ಹೋಗಿದ್ದೆ. ಹದಿನೈದು ದಿನ ಅವಳನ್ನು ಹಾರಿಸಲೇ ಇಲ್ಲ! ಅವರ ಮೇಷ್ಟ್ರು ತಾವೇ ಕಾಲೇಜಿನ ದಿನಗಳಲ್ಲಿ ಹಾರಿದವರು, ಅವಸರದ ಮನುಷ್ಯರಲ್ಲ. ಮೊದಲು ಗಳೆ ಹಿಡಿದು ನಡೆಯುವುದು. ಬಲಗೈಯವರಾದರೆ ಬಲಗೈ ಮೇಲೆ, ಎಡಗೈ ಕೆಳಗೆ, ನಡುವೆ ಭುಜದಗಲಕ್ಕಿಂತ ತುಸು ಹೆಚ್ಚು ಅಂತರ. ನಡೆಯುತ್ತಾ ನಡೆಯುತ್ತಾ ಕೊನೆಯ ಮೂರು ಹೆಜ್ಜೆಗಳಲ್ಲಿ, ಎಡ, ಬಲ, ಎಡ ಎನ್ನುವಷ್ಟರಲ್ಲಿ, ಎರಡೂ ಕೈ ತಲೆಯ ಮೇಲೆ ನೆಟ್ಟಗೆ ಹೋಗಿರಬೇಕು. ಮನೆಯಲ್ಲೂ ಇದೇ ಪಾಠ. ಪೊರಕೆ ಕೋಲು ಹಿಡಿದು ಪಡಸಾಲೆಯಿಂದ ಅಡಿಗೆಮನೆಗೆ, ಎಡ, ಬಲ, ಎಡ! ನಮ್ಮತ್ತೆಯವರು, "ಇದೆಂಥ ಗ್ರಹಚಾರವೇ" ಎಂದು ನಕ್ಕರೂ ಎಣಿಸಲು ಅವರೇ ಕೂತರು.

ಆಮೇಲೆ ಉದ್ದ ಜಿಗಿತದ ಮರಳು ಗುಂಡಿ. ಗಳೆಯನ್ನು ನೆಲಕ್ಕೂರಿ ನಿಂತು, ಬಲಗೈ ಮೇಲೆತ್ತಿದರೆ ಎಲ್ಲಿಗೆ ಮುಟ್ಟುತ್ತದೋ ಅಲ್ಲಿಂದ ಒಂದು ಗೇಣು ಮೇಲಕ್ಕೆ ಮೊದಲ ಹಿಡಿತ, ಅದಕ್ಕಿಂತ ಹೆಚ್ಚಿಲ್ಲ. ಒಂದೇ ಹೆಜ್ಜೆ ಹಾಕಿ, ಗಳೆಯ ತುದಿಯನ್ನು ಮರಳಿನಲ್ಲಿ ಊರಿ, ಎಡಗಾಲಿನಿಂದ ಮೇಲಕ್ಕೆ ನೆಗೆದು, ತೂಗಿಕೊಂಡು ಹೋಗಿ ಎರಡೂ ಕಾಲ ಮೇಲೆ ಇಳಿಯುವುದು. ಅದು ಹಿಡಿತಕ್ಕೆ ಬಂದ ಮೇಲೆ ಮೂರು ಹೆಜ್ಜೆ, ಆಮೇಲೆ ಐದು. ಇಳಿಯುವಾಗ ಮೈ ಅರ್ಧ ಸುತ್ತು ತಿರುಗಿ, ಓಡಿ ಬಂದ ದಾರಿಗೇ ಮುಖ ಮಾಡಿ ನಿಲ್ಲುವುದು ಅದರ ಮುಂದಿನ ಪಾಠ. ಅಡ್ಡಕೋಲಿನ ಮಾತೇ ಇಲ್ಲ. ನಡುನಡುವೆ ಹಗ್ಗ ಹತ್ತುವುದು, ಕಂಬಿಗೆ ಜೋತು ಮೊಣಕಾಲನ್ನು ಎದೆಗೆ ತರುವುದು, ಗೋಡೆಗೆ ಕಾಲು ಚಾಚಿ ಕೈ ಮೇಲೆ ನಿಲ್ಲುವುದು. ತಲೆಕೆಳಗಾದಾಗ ಮೇಲು ಯಾವುದು, ಕೆಳಗು ಯಾವುದು ಎಂದು ಮೈಗೆ ಮೊದಲೇ ತಿಳಿದಿರಬೇಕಂತೆ.

ಒಂದು ವಿಷಯ ನನಗೆ ಬಹಳ ಹಿಡಿಸಿತು, ನೀವೂ ಚೆನ್ನಾಗಿ ತಿಳಿದುಕೊಳ್ಳಿ. ಈ ಆಟದಲ್ಲಿ ಅಪಾಯ ಎಲ್ಲರೂ ನೋಡುವ ಅಡ್ಡಕೋಲಿನಲ್ಲಿ ಇಲ್ಲ, ಕೈಯ ಹಿಡಿತದಲ್ಲಿದೆ. ಹಿಡಿತ ಮೇಲೇರಿದಷ್ಟೂ ಗಳೆಯನ್ನು ನೆಟ್ಟಗೆ ನಿಲ್ಲಿಸಲು ಹೆಚ್ಚು ವೇಗ ಬೇಕು. ವೇಗ ಸಾಲದೆ ಹೋದರೆ ಗಳೆ ನಡುವಿನಲ್ಲೇ ನಿಂತು, ಹುಡುಗಿಯನ್ನು ಓಡಿ ಬಂದ ಕಡೆಗೇ ಹಿಂದಕ್ಕೆ ಕೆಡವುತ್ತದೆ. ಏಣಿಯನ್ನು ಎತ್ತಿ ನಿಲ್ಲಿಸುವಾಗ ಅರ್ಧಕ್ಕೇ ಕೈ ಸೋತರೆ ಏನಾಗುತ್ತದೆ ಹೇಳಿ, ಹಾಗೆ. ನೆಗೆಯುವ ಕಾಲು ಮೇಲಿನ ಕೈಯ ನೇರ ಕೆಳಗೆ ಇರಬೇಕು, ಒಂದಡಿ ಮುಂದೆ ಬಿದ್ದರೂ ಗಳೆ ಭುಜವನ್ನು ಹಿಂದಕ್ಕೆ ಜಗ್ಗುತ್ತದೆ. ಅದಕ್ಕೇ ಅವರ ಮೇಷ್ಟ್ರ ಕಟ್ಟಳೆ: ಒಂದು ಹಿಡಿತದಲ್ಲಿ ಮೂರು ಸಲ ಸರಾಗವಾಗಿ ಗುಂಡಿಯ ನಡುವಿಗೆ ಹೋಗಿ ಇಳಿದರೆ ಮಾತ್ರ ಕೈ ನಾಲ್ಕು ಬೆರಳಿನಷ್ಟು ಮೇಲಕ್ಕೆ. ಎರಡು ಸಲ ಚೆನ್ನಾಗಿ ಬಂದು ಮೂರನೆಯದು ಕೆಟ್ಟರೆ ಮತ್ತೆ ಒಂದರಿಂದ ಎಣಿಕೆ. ಎಷ್ಟೋ ಸಂಜೆ ಮಗಳು ಅಳು ನುಂಗಿಕೊಂಡು ಬಂದಿದ್ದಾಳೆ. ನಾನು ಶೇಂಗಾ ಉಂಡೆ ಕೈಗಿಟ್ಟು ಸುಮ್ಮನಿರುತ್ತೇನೆ, ಆ ಹೊತ್ತಿಗೆ ಬುದ್ಧಿವಾದ ರುಚಿಸುವುದಿಲ್ಲ.

ಬಿದಿರು ಬಳಸುವುದಾದರೆ ಒಣಗಿದ, ಸೀಳಿಲ್ಲದ ಗಳೆ ಆರಿಸಿ, ಗಿಣ್ಣುಗಳನ್ನು ನುಣ್ಣಗೆ ಮಾಡಿಸಿ, ಬಟ್ಟೆ ಪಟ್ಟಿ ಬಿಗಿಯಾಗಿ ಸುತ್ತಬೇಕು, ದಿನವೂ ಕೈಯಾಡಿಸಿ ನೋಡಬೇಕು. ಮರಳಿನ ಗುಂಡಿಯ ಈ ಕೆಳಗಿನ ಪಾಠಗಳಿಗಷ್ಟೇ ಅದು. ಫೈಬರ್ ಗಳೆಯ ಮೇಲೆ ಅದು ಎಷ್ಟು ತೂಕದವರಿಗೆ ಎಂದು ಬರೆದಿರುತ್ತದೆ. ನಿಮ್ಮ ಮಗಳ ತೂಕಕ್ಕಿಂತ ಕಡಿಮೆ ಬರೆದಿದ್ದರೆ ಯಾರು ಏನೇ ಹೇಳಿದರೂ ಮುಟ್ಟಿಸಬೇಡಿ. ಗಳೆ ಬಾಗುವುದು ತೋಳಿನಿಂದ ಜಗ್ಗಿ ಅಲ್ಲ, ಓಟದ ವೇಗದಿಂದ. ಅದು ನೆಟ್ಟ ಗಳೆಯ ಪಾಠಗಳೆಲ್ಲಾ ಮುಗಿದ ಮೇಲಿನ ಮಾತು. ಉಡುಪಿನ ಬಗ್ಗೆ ಕೇಳುತ್ತೀರಾ? ಮೈಗೆ ಹತ್ತಿದ ಬಟ್ಟೆಯೇ ಸರಿ, ಸಡಿಲ ಅಂಗಿ ಗಳೆಗೆ ಸಿಕ್ಕಿಕೊಳ್ಳುತ್ತದೆ. ತಿಂಗಳ ಆ ದಿನಗಳಲ್ಲಿ ಹೋಗುವುದೋ ಬಿಡುವುದೋ ಎಂಬುದನ್ನು ನಾನು ಅವಳಿಗೇ ಬಿಟ್ಟಿದ್ದೇನೆ.

ಕಳೆದ ವರ್ಷ ಒಂದು ಕ್ರೀಡಾಕೂಟಕ್ಕೆ ಹೆಸರು ಕೊಟ್ಟಳು. ಹೋಗಿ ನೋಡಿದರೆ ಅಡ್ಡಕೋಲಿನ ಆಚೆ ಮರಳಿನ ಮೇಲೆ ನಾಲ್ಕು ತೆಳು ಚಾಪೆ ಹಾಸಿದ್ದರು. ಸಾಧಾರಣ ಕೂಟಕ್ಕೂ ಬೀಳುವ ಹಾಸಿಗೆ 5 ಮೀಟರ್ ಉದ್ದ, 5 ಮೀಟರ್ ಅಗಲ ಇರಬೇಕು, ಮೇಲೇರಿದವರು ಬೆನ್ನ ಮೇಲೆ ಬೀಳುವ ಆಟ ಇದು. ಗಳೆ ಊರುವ ಪೆಟ್ಟಿಗೆ ಕೂಡ ಇರಲಿಲ್ಲ, ಒಂದು ತಗ್ಗು ತೋಡಿದ್ದರು. ನಾನು ಬೇಡ ಎಂದೆ. "ಇಷ್ಟು ದೂರ ಬಂದು ಹಿಂದೆ ಹೋಗ್ತೀರಾ? ಹೆಣ್ಣುಮಕ್ಕಳು ಮೂರೇ ಮಂದಿ ಇದ್ದಾರೆ, ಹಾರಿದರೆ ಪದಕ ಗ್ಯಾರಂಟಿ" ಎಂದರು ಅಲ್ಲಿದ್ದವರು. ಪದಕ ಗ್ಯಾರಂಟಿ ಸರಿ, ಬೆನ್ನುಮೂಳೆಗೆ ಯಾರ ಗ್ಯಾರಂಟಿ? ಮಗಳು ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಆಡದಿದ್ದರೆ ಬಿಡಲಿ, ಇನ್ನೊಮ್ಮೆ ಅಂಥ ಚಾಪೆ ಕಂಡರೆ ಇನ್ನೊಮ್ಮೆಯೂ ಹಾಗೇ ಹೇಳುತ್ತೇನೆ.

ಮುನಿಸು ಮುರಿಯಲಿ ಎಂದು ಆ ಭಾನುವಾರ ಹಂಪಿಗೆ ಕರೆದುಕೊಂಡು ಹೋದೆ. ಮಹಾನವಮಿ ದಿಬ್ಬದ ಸುತ್ತ ಕೆತ್ತಿದ ಬೇಟೆ, ಕುದುರೆ, ಕುಣಿತ, ಕುಸ್ತಿ ಎಲ್ಲ ತೋರಿಸಿದೆ. ವಿಜಯನಗರದ ಅರಸರ ಬಳಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು 16ನೆಯ ಶತಮಾನದಲ್ಲಿ ಬಂದ ಪೋರ್ತುಗೀಸರ ನ್ಯೂನಿಜ್ ಬರೆದಿಟ್ಟಿದ್ದಾನೆ. "ಹಾಗಾದರೆ ಅವರ ಅಮ್ಮಂದಿರು ಬೇಡ ಅನ್ನಲಿಲ್ಲ" ಎಂದಳು! ಅಂತೂ ಮಾತು ಬಂತು.

ಸಂಡೂರಿನಲ್ಲಿರುವ ನನ್ನ ತಂಗಿಗೆ ಸುದ್ದಿ ಮುಟ್ಟಿತು. ಅವರ ತಾಲೂಕಿನ ತೋರಣಗಲ್ಲಿನ ಹತ್ತಿರವೇ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾದದ್ದು ನಿಮಗೆ ಗೊತ್ತಿರಬಹುದು. 2023ರ ಮಾರ್ಚ್ 2ರಂದು ಜೆಸ್ವಿನ್ ಆಲ್ಡ್ರಿನ್ ಉದ್ದ ಜಿಗಿತದಲ್ಲಿ 8.42 ಮೀಟರಿನ ರಾಷ್ಟ್ರೀಯ ದಾಖಲೆ ಮಾಡಿದ್ದು ಅಲ್ಲಿಯೇ. "ಗಣಿ ಧೂಳಿನ ಊರು ಅಂತಿದ್ರಿ, ನೋಡ್ರಿ ಈಗ" ಎಂದು ತಂಗಿ ಆಗ ಕತ್ತರಿಸಿಟ್ಟಿದ್ದ ಪತ್ರಿಕೆಯ ಚೂರನ್ನು ತಂದು ಮಗಳ ಪುಸ್ತಕದಲ್ಲಿ ಅಂಟಿಸಿದಳು. ಆಟ ಬೇರೆಯಾದರೂ ಓಟದ ಹೆಜ್ಜೆ ಎಣಿಸುವುದು ಇಬ್ಬರಿಗೂ ಒಂದೇ ಎಂಬುದು ಮಗಳ ವಾದ.

ಈಗ ಅವಳ ಹಿಡಿತ 2 ಮೀಟರ್ 60ಕ್ಕೆ ಬಂದಿದೆ, ಇನ್ನೂ ಮರಳಿನಲ್ಲೇ. ಮೇ ರಜೆಯಲ್ಲಿ ಬೆಂಗಳೂರಿನ ನಮ್ಮಣ್ಣನ ಮನೆಯಲ್ಲಿದ್ದು, ಸರಿಯಾದ ಪೆಟ್ಟಿಗೆ, ಸರಿಯಾದ ಹಾಸಿಗೆ ಇರುವಲ್ಲಿ ಮೂರು ವಾರ ಕಲಿಯಲಿ ಎಂದು ಅವರ ಮೇಷ್ಟ್ರೇ ಏರ್ಪಾಡು ಮಾಡಿದ್ದಾರೆ. ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೆಟು ಆಗಿದೆ. ಬಿದಿರು ಗಳೆಯನ್ನೂ ಒಯ್ಯುತ್ತೇನೆಂದು ಹಟ ಹಿಡಿದಿದ್ದಳು. ರೈಲಿನಲ್ಲಿ ಅದು ಹಿಡಿಸುವುದಿಲ್ಲವೆಂದು ಅವಳಪ್ಪ ಹಗ್ಗ ಹಾಕಿ ಅಳೆದು ತೋರಿಸಿದ ಮೇಲೆ, ಹಿತ್ತಲಿನಲ್ಲಿ ನೆರಳಿಗೆ ಮಲಗಿಸಿ, ಬಟ್ಟೆ ಒಣಹಾಕಬಾರದೆಂದು ನನಗೆ ತಾಕೀತು ಮಾಡಿದ್ದಾಳೆ.