ಕಿವಿಯತ್ತ ತಿರುಗಿದ ಮಾತು

ನಾನು ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಗುರುಗಳು ಗಟ್ಟಿಯಾಗಿ ಓದಿದವನಿಗಿಂತ ಅಕ್ಷರ ಬಿಡಿಸಿ ಓದಿದವನನ್ನೇ ಹೆಚ್ಚು ಮೆಚ್ಚುತ್ತಿದ್ದರು. ಅರವತ್ತು ದಾಟಿದ ಮೇಲೆ ಅದರ ಮರ್ಮ ನನಗೆ ಹೊಸದಾಗಿ ತಿಳಿದದ್ದು ಹಳ್ಳಿಖೇಡ (ಬಿ)ಯಲ್ಲಿರುವ ತಂಗಿಯ ಮಗನ ಕಾರಿನಿಂದ.

ಹುಮನಾಬಾದಿನಿಂದ ಊರಿಗೆ ಬರುವಾಗ ಅವನು ಪ್ರವಚನವೊಂದರ ಧ್ವನಿಮುದ್ರಿಕೆ ಹಾಕಿದ್ದ. ಗುಂಯ್ಗುಡುವ ನಾದ ತುಂಬಿತ್ತೇ ಹೊರತು ಮಾತು ತಿಳಿಯುತ್ತಿರಲಿಲ್ಲ.

“ಮಾಮಾ, ಆವಾಜ್ ಇನ್ನಾ ಏರಿಸ್ಲೇನ್ರೀ?” ಎಂದ.

“ಆವಾಜ್ ಸಾಕಪ್ಪಾ, ಅಕ್ಷರ ಕೇಳವಲ್ವು” ಎಂದೆ.

ಇದಕ್ಕೆ ಕಾರಣ ಸರಳವಾದುದು. ಕಾರಿನ ಸ್ಪೀಕರು ಸಾಮಾನ್ಯವಾಗಿ ಬಾಗಿಲಿನ ಕೆಳಭಾಗದಲ್ಲಿ, ಕುಳಿತವರ ಕಾಲಿನ ಕಡೆಗೆ ಮುಖ ಮಾಡಿರುತ್ತದೆ. ತಗ್ಗಿನ ಸ್ವರ ಎಲ್ಲ ದಿಕ್ಕಿಗೂ ಹರಡುತ್ತದೆ. ಸಕಾರ, ಶಕಾರ, ತಕಾರಗಳನ್ನು ಬೇರ್ಪಡಿಸಿ ತೋರಿಸುವ ಏರುಸ್ವರವಾದರೋ ಟಾರ್ಚಿನ ಬೆಳಕಿನಂತೆ ಸ್ಪೀಕರಿನ ಮುಖವಿದ್ದತ್ತಲೇ ಹೆಚ್ಚಾಗಿ ಸಾಗಿ, ಆಸನದ ಬಟ್ಟೆಯಲ್ಲಿ ಹೀರಿಹೋಗುತ್ತದೆ. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಏರುಸ್ವರವನ್ನೇ. ಆದುದರಿಂದ ಸದ್ದು ಹೆಚ್ಚಿಸಿದಷ್ಟೂ ಗುಂಯ್ಗುಡುವಿಕೆ ಹೆಚ್ಚುವುದೇ ವಿನಾ ಮಾತು ತಿಳಿಯಾಗದು.

ಹುಡುಗ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಫೈಬರ್‌ಗ್ಲಾಸಿನ ಕೆಲಸ ಕಲಿತವನು. ನಮ್ಮ ನಾಡಿಗೆ ಇದು ಹೊಸ ವಿದ್ಯೆಯೇನಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆ ತಯಾರಿಸಿದ ಡಾಲ್ಫಿನ್ ಕಾರಿನ ಒಡಲೇ ಫೈಬರ್‌ಗ್ಲಾಸಿನದಾಗಿತ್ತು. ಸ್ಪೀಕರಿಗೆ ಓರೆಯಾದ ಹೊಸ ಪೀಠ ಮಾಡುವೆನೆಂದು ಅವನು ತೊಡಗಿದ. ನಾನು ಅಂಗಳದಲ್ಲಿ ಕುಳಿತು ನೋಡಿದೆ.

ಸ್ಪೀಕರಿನ ಅಳತೆಗೆ ಪ್ಲೈವುಡ್ಡಿನ ಬಳೆ ಕೊಯ್ದ. ಬಾಗಿಲಿನಿಂದ ಬಿಚ್ಚಿ ತಂದ ಹಲಗೆಯ ಮೇಲೆ ಅದನ್ನು ಕಡ್ಡಿಗಳ ಆಧಾರದಿಂದ ಕೇಳುಗನ ಕಿವಿಯತ್ತ ಓರೆಯಾಗಿ ನಿಲ್ಲಿಸಿದ. ಬಳೆಯಿಂದ ಹಲಗೆಯವರೆಗೆ ಬನಿಯನ್ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿದ. ರೆಸಿನ್ನಿಗೆ ನೂರಕ್ಕೆ ಒಂದೆರಡು ಪಾಲು ಹಾರ್ಡನರ್ ಬೆರೆಸಿ ಬಟ್ಟೆಗೆ ಬಳಿದಾಗ, ಸ್ವಲ್ಪ ಹೊತ್ತಿನಲ್ಲಿಯೇ ಆ ಮೆತ್ತನೆಯ ಬಟ್ಟೆ ಚಿಪ್ಪಿನಂತೆ ಗಟ್ಟಿಯಾಯಿತು. ಒಳಬದಿಗೆ ಗಾಜಿನೆಳೆಯ ಮ್ಯಾಟನ್ನು ಎರಡು ಮೂರು ಪದರ ಅಂಟಿಸಿದ. ಬಲವೆಲ್ಲ ಈ ಎಳೆಗಳಲ್ಲಿಯೇ ಇದೆ. ಬರಿಯ ರೆಸಿನ್ ಬಿರುಕು ಬಿಡುತ್ತದೆ. ಕಡೆಗೆ ಪುಟ್ಟಿ ತುಂಬಿ, ಉಪ್ಪುಕಾಗದದಿಂದ ತಿಕ್ಕಿ, ರೆಕ್ಸಿನ್ ಹೊದಿಸಿದ.

ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದೆಂದು ಅವನಿಂದಲೇ ಕೇಳಿದೆ. ಸಿಡಿದೊಡನೆ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಓಡಬೇಕಂತೆ. ರೆಸಿನ್ನಿಗೆ ಬೇಗ ಗಟ್ಟಿಯಾಗಲೆಂದು ಹಾಕುವ ಕೋಬಾಲ್ಟನ್ನು ಹಾರ್ಡನರ್ ಜೊತೆ ನೇರವಾಗಿ ಬೆರೆಸಿದರೆ ಬೆಂಕಿ ಹತ್ತೀತು, ಸಿಡಿದೀತು. ಹಾರ್ಡನರ್ ಹೆಚ್ಚಾದರೆ ರೆಸಿನ್ ಕಾದು ಹೊಗೆಯಾಡುತ್ತದೆ. ನಮ್ಮ ಬೀದರ ಸೀಮೆಯ ಬೇಸಗೆಯಲ್ಲಿ ಇನ್ನೂ ಎಚ್ಚರ ಬೇಕು. ಅದರ ಘಾಟು ತಲೆಸುತ್ತು ತರುವುದರಿಂದ ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಸಲ್ಲದು. ಇಷ್ಟೆಲ್ಲ ಬಲ್ಲ ಹುಡುಗ ಬರಿಗಣ್ಣಿನಲ್ಲಿಯೇ ಕೆಲಸಕ್ಕೆ ಕುಳಿತಿದ್ದನ್ನು ಕಂಡು, “ಕನ್ನಡಕ ಹಾಕಿಕೊಳ್ಳದಿದ್ದರೆ ನನಗೆ ಈ ಪೀಠವೇ ಬೇಡ” ಎಂದು ಹಟ ಹಿಡಿದೆ. ಅಂದಿನಿಂದ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು, ಮೂಗಿಗೆ ಮಾಸ್ಕು ಅವನ ಉಪಕರಣಗಳ ಪೆಟ್ಟಿಗೆಯಲ್ಲಿಯೇ ಇವೆ. ಬಡವರ ಮಕ್ಕಳು ಇಂತಹ ಕಸುಬಿನಿಂದಲೇ ಅನ್ನ ಕಾಣುತ್ತಿರುವಾಗ, ಕೆಲಸ ಮಾಡಿಸಿಕೊಳ್ಳುವ ಮನೆಯವರು ಮೊದಲು ವಿಚಾರಿಸಬೇಕಾದುದು ಇದನ್ನೇ.

ಪೀಠ ಕೂರಿಸಿದ ಮೇಲೆ ಅದೇ ಪ್ರವಚನ, ಮೊದಲಿಗಿಂತ ಕಡಿಮೆ ಸದ್ದಿನಲ್ಲಿ, ಅಕ್ಷರಕ್ಕಕ್ಷರ ಕೇಳಿಸಿತು. ಇದು ನನ್ನಂತಹ ಮುದುಕರಿಗಷ್ಟೇ ಆದ ಲಾಭವಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳುವುದು ಅಪಾಯಕರವೆಂದು ತಜ್ಞರು ಹೇಳುತ್ತಾರೆ. 100 ಡೆಸಿಬೆಲ್ ಆದರೆ 15 ನಿಮಿಷವೇ ಮಿತಿ. ಹೀಗೆ ಕೆಟ್ಟ ಕಿವಿ ಮರಳಿ ಬಾರದು. ನಮ್ಮ ಯುವಕರು ಸ್ಪೀಕರಿಗೆ ಹಣ ಸುರಿಯುವ ಮುನ್ನ ಅದು ಯಾರ ಕಡೆಗೆ ಮುಖ ಮಾಡಿದೆಯೆಂದು ಒಮ್ಮೆ ನೋಡಲಿ. ಮನೆಯ ಹಿರಿಯರನ್ನು ಕಾರಿನಲ್ಲಿ ಕೂರಿಸಿ, “ಮಾತು ತಿಳೀತದೇನ್ರೀ?” ಎಂದು ಕೇಳಲಿ.